ಸುಮ್ಮನೆ ಒಂದು ರೌಂಡಿನ ಖರ್ಚು

ಹೊಸದು ಏನೇ ಮನೆಗೆ ಬಂದರೂ ನಾಲ್ಕು ದಿನ ಸುದ್ದಿ, ಆಮೇಲೆ ಹಳತು. ನಮ್ಮ ಮನೆಗೆ ಎಲೆಕ್ಟ್ರಿಕ್ ಕಾರು ಬಂದು ಎರಡು ವರ್ಷವಾಯಿತು, ವಾರಕ್ಕೊಂದು ಪ್ರಸಂಗ ಮಾತ್ರ ಇನ್ನೂ ತಪ್ಪಿಲ್ಲ.

ಕಾರು ನಮ್ಮ ಯಜಮಾನರದು. ಅವರು ಮೂವತ್ತು ವರ್ಷ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿದ್ದವರು. ಅಲ್ಲಿ ಒಂದು ಬೋಲ್ಟು ಬೇಕಿದ್ದರೂ ಇಂಡೆಂಟ್ ಚೀಟಿ ಬರೆಯಬೇಕು, ಯಾತಕ್ಕೆ ಅಂತ ಉದ್ದೇಶದ ಕಾಲಂ ತುಂಬಬೇಕು, ಸಹಿ ಹಾಕಬೇಕು. ನಿವೃತ್ತಿಯಾದರೂ ಆ ಚಾಳಿ ಹೋಗಿಲ್ಲ. ಕಾರಿಗೊಂದು ನೋಟ್‌ಬುಕ್ಕು. ಎಷ್ಟು ಓಡಿತು, ಎಷ್ಟು ಕರೆಂಟು ಕುಡಿಯಿತು, ಯಾವ ಕೆಲಸಕ್ಕೆ ಹೋಯಿತು, ಎಲ್ಲಕ್ಕೂ ದಾಖಲೆ.

ನನ್ನ ಆಸೆ ಒಂದೇ. ಮದುವೆಯಾದ ಹೊಸದರಲ್ಲಿ ಭಾನುವಾರ ಬಂದರೆ ಪುಟ್ಟೇನಹಳ್ಳಿಯಿಂದ ಇವರ ಸ್ಕೂಟರಿನಲ್ಲಿ ತಲಘಟ್ಟಪುರದ ಕಡೆ ಹೋಗುತ್ತಿದ್ದೆವು. ಯಾತಕ್ಕೂ ಅಲ್ಲ, ಸುಮ್ಮನೆ. ಅಲ್ಲೊಂದು ಮೋರಿ ಕಟ್ಟೆಯ ಮೇಲೆ ಕೂತು, ಅಜ್ಜಿಯೊಬ್ಬಳು ಮಾರುತ್ತಿದ್ದ ಬೇಯಿಸಿದ ಕಡಲೆಕಾಯಿ ತಿಂದು ವಾಪಸ್. ಪೆಟ್ರೋಲ್ ಮುಗಿದರೆ ಸ್ಕೂಟರನ್ನು ಪಕ್ಕಕ್ಕೆ ಬಗ್ಗಿಸಿ, ಒದ್ದು ಸ್ಟಾರ್ಟ್ ಮಾಡುತ್ತಿದ್ದರು. ಆಗ ಇವರಿಗೆ ಲೆಕ್ಕವೂ ಇರಲಿಲ್ಲ, ನೋಟ್‌ಬುಕ್ಕೂ ಇರಲಿಲ್ಲ. ಕಾರು ಬಂದ ದಿನ ಅದರ ಜೊತೆ ಆ ಮನುಷ್ಯನೂ ವಾಪಸ್ ಬರುತ್ತಾನೆ ಅಂತ ಆಸೆಪಟ್ಟಿದ್ದೆ.

ಹೋಗೋಣ ಅಂದಾಗಲೆಲ್ಲ ಇವರದು ಒಂದೇ ಪ್ರಶ್ನೆ. "ಏನ್ ಕೆಲಸ ಇದೆ ಅಲ್ಲಿ?" ಕೆಲಸ ಇರುತ್ತಿರಲಿಲ್ಲ, ಹಾಗಾಗಿ ಕಾರು ಹೊರಡುತ್ತಿರಲಿಲ್ಲ.

ಗುಂಡಿ ಬೈಯುವ ಹಕ್ಕು

ಎದುರು ಮನೆಯವರದು ಪೆಟ್ರೋಲ್ ಕಾರು. ಅದಕ್ಕೆ ರೋಡ್ ಟ್ಯಾಕ್ಸ್ ಕಟ್ಟಿದ ಸಂಕಟ ಅವರಿಗಿನ್ನೂ ಇಳಿದಿಲ್ಲ. ನಾವು ಕೊಂಡಾಗ ನಮ್ಮ ಕಾರಿಗೆ ಅದು ಮಾಫಿ ಇತ್ತು ಅಂತ ತಿಳಿದ ದಿನ ಅವರಿಗೆ ಊಟ ಸೇರಲಿಲ್ಲವಂತೆ, ಅವರ ಹೆಂಡತಿಯೇ ಹೇಳಿದರು.

ಒಂದು ಸಂಜೆ ಇವರು ಗೇಟಿನ ಹತ್ತಿರ ನಿಂತು ನಮ್ಮ ರಸ್ತೆಯ ಗುಂಡಿಗಳಿಗೆ ಮಂಗಳಾರತಿ ಎತ್ತುತ್ತಿದ್ದರು. ಎದುರು ಮನೆಯವರು ನಿಧಾನಕ್ಕೆ ಬಂದು, "ಸಾರ್, ಬೇಜಾರ್ ಮಾಡ್ಕೋಬೇಡಿ. ಟ್ಯಾಕ್ಸ್ ಕಟ್ಟಿರೋರು ನಾವು. ಬೈಯೋ ಹಕ್ಕು ನಮ್ದು" ಅಂದರು.

ಇವರು ನ್ಯಾಯವಂತರು, ಒಪ್ಪಿಕೊಂಡುಬಿಟ್ಟರು. ಅಂದಿನಿಂದ ಎಂಥ ಗುಂಡಿಗೆ ಬಿದ್ದರೂ ಹಲ್ಲು ಕಚ್ಚಿ ಸುಮ್ಮನಿರುತ್ತಾರೆ. ಆದರೆ ಹೊಟ್ಟೆಯೊಳಗಿನ ಸಿಟ್ಟು ಎಲ್ಲಿ ಹೋಗಬೇಕು? ಮೊನ್ನೆ ಬನಶಂಕರಿ ಮಾರ್ಕೆಟ್ಟಿಗೆ ಹೋಗುವಾಗ ಬೆನ್ನುಮೂಳೆ ಅಲ್ಲಾಡುವ ಗುಂಡಿಯೊಂದು ಸಿಕ್ಕಿತು. ಕಾರನ್ನು ಪಕ್ಕಕ್ಕೆ ನಿಲ್ಲಿಸಿ ನನ್ನ ಕಡೆ ತಿರುಗಿದರು. ನಾನು ಹೈಸ್ಕೂಲು ಟೀಚರಾಗಿದ್ದವಳು.

"ನೀನ್ ಬೈಯಿ. ಸಂಬಳದಲ್ಲಿ ಪ್ರೊಫೆಷನಲ್ ಟ್ಯಾಕ್ಸ್ ಹಿಡಿದಿದ್ದಾರಲ್ಲ."

ಪೇಡೆಯ ಮೈಲೇಜು

ಯಾರದಾದರೂ ಗಾಡಿ ತೆಗೆದುಕೊಂಡು ಹೋದರೆ ಒಂದಿಷ್ಟು ಪೆಟ್ರೋಲ್ ಹಾಕಿಸಿ ವಾಪಸ್ ಕೊಡುವುದು ನಮ್ಮಲ್ಲಿ ಮರ್ಯಾದೆ. ಕರೆಂಟಿನ ವಿಷಯದಲ್ಲಿ ಆ ಮರ್ಯಾದೆ ಇನ್ನೂ ಹುಟ್ಟಿಲ್ಲ. ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಧಾರವಾಡದ ಕಡೆಯ ಗಂಡಹೆಂಡತಿ ಒಳ್ಳೆಯ ಜನ. ಶನಿವಾರ ಕಾರು ಕೇಳುತ್ತಾರೆ, ಸಂಜೆ ಬ್ಯಾಟರಿ ಬರಿದು ಮಾಡಿ ತಂದು ನಿಲ್ಲಿಸುತ್ತಾರೆ. ಇವರು ಮುಖ ಸಣ್ಣದು ಮಾಡಿದರೆ ಆತ ನಗುತ್ತಾ, "ಪುಗಸಟ್ಟೆ ಓಡ್ತೈತಲ್ರೀ ಅಂಕಲ್, ನೀವು ಭಾಳ ಶಾಣ್ಯಾ ಅದೀರಿ" ಅನ್ನುತ್ತಾನೆ. ಹೊಗಳಿದವರ ಹತ್ತಿರ ದುಡ್ಡು ಕೇಳುವುದು ಹೇಗೆ?

ಒಮ್ಮೆ ಅವರು ರೈಲಿನಲ್ಲಿ ಊರಿಗೆ ಹೋಗಿ ಬಂದು ಒಂದು ಕೆಜಿ ಪೇಡೆ ಕೊಟ್ಟರು. ಇವರು ಡಬ್ಬಿಯ ಮೇಲಿನ ರೇಟು ನೋಡಿದರು, ನೋಟ್‌ಬುಕ್ ತೆಗೆದರು, ಗುಣಿಸಿದರು, ಭಾಗಿಸಿದರು. ಅವರು ಅಷ್ಟು ದಿನ ಓಡಿಸಿದ್ದಕ್ಕಿಂತ ಪೇಡೆಯೇ ಹೆಚ್ಚು ತೂಗಿತು.

ಮುಂದಿನ ಶನಿವಾರ ಬೆಳಿಗ್ಗೆ ಇವರೇ ಕೀ ಹಿಡಿದು ಮಹಡಿ ಹತ್ತಿದರು. ಕಾರು ಬೇಕೇನು ಅಂತ ಮೊದಲು ಕೇಳಿದರು, ಮತ್ತೆ ಊರಿಗೆ ಹೋಗುವುದು ಯಾವಾಗ ಅಂತ ಆಮೇಲೆ ಕೇಳಿದರು. ನಾನು ಕೆಳಗೆ ನಿಂತು, ನನಗೂ ಪೇಡೆ ಮಾಡಲು ಬಂದಿದ್ದರೆ ಇಷ್ಟು ಹೊತ್ತಿಗೆ ತಲಘಟ್ಟಪುರ ನೋಡಿರುತ್ತಿದ್ದೆ ಅಂದುಕೊಂಡೆ.

ಇಲ್ಲದ ದುಡ್ಡು

ನೋಟ್‌ಬುಕ್ಕಿನ ಕೊನೆಯಲ್ಲಿ ಉಳಿತಾಯ ಅಂತ ಒಂದು ಕಾಲಂ. ಪೆಟ್ರೋಲ್ ಕಾರಾಗಿದ್ದರೆ ಎಷ್ಟಾಗುತ್ತಿತ್ತು, ಕರೆಂಟಿಗೆ ಎಷ್ಟಾಯಿತು, ಕಳೆದರೆ ಎಷ್ಟು ಉಳಿಯಿತು. ಅದು ಏರುವುದನ್ನು ನೋಡಿ ನಾನು ಒಂದು ದಿನ, ಆ ದುಡ್ಡಿನಲ್ಲಿ ಹೊಸ ಫ್ರಿಜ್ ತರೋಣ ಅಂದೆ.

ಇವರು ತಾಳ್ಮೆಯಿಂದ ವಿವರಿಸಿದರು. ಅದು ಖರ್ಚಾಗದೆ ಹೋದ ದುಡ್ಡು, ಇರುವ ದುಡ್ಡಲ್ಲವಂತೆ. ಸರಿ ಅಂತ ಹಳೆಯ ಫ್ರಿಜ್ಜನ್ನೇ ಒರೆಸಿಟ್ಟೆ. ಮರುವಾರ ಕಾರಿನ ಇನ್ಶೂರೆನ್ಸ್ ಬಂತು. ಇಂಥ ಕಾರಿಗೆ ಅದು ಸ್ವಲ್ಪ ಜಾಸ್ತಿಯೇ. ಉಳಿತಾಯದ ಕಾಲಮ್ಮಿನಿಂದ ಕಟ್ಟಿಬಿಡಿ ಅಂದೆ. ಇವರು ನನ್ನ ಪಿಂಚಣಿಯ ಪಾಸ್‌ಬುಕ್ ತೆಗೆದರು.

"ಇದು ಇರೋ ದುಡ್ಡು."

ಇಂಡೆಂಟ್

ಕೊನೆಗೆ ನಾನೂ ಅವರ ದಾರಿಯನ್ನೇ ಹಿಡಿದೆ. ಕಪಾಟಿನಲ್ಲಿ ಕಾರ್ಖಾನೆಯ ಹಳೆಯ ಇಂಡೆಂಟ್ ಪುಸ್ತಕವೊಂದಿತ್ತು. ಒಂದು ಭಾನುವಾರ ಬೆಳಿಗ್ಗೆ ಒಂದು ಚೀಟಿ ಹರಿದು ಬರೆದೆ. ಬೇಕಾದ ವಸ್ತು: ಕಾರು, ಯಜಮಾನರ ಸಮೇತ. ಸ್ಥಳ: ತಲಘಟ್ಟಪುರ. ಉದ್ದೇಶ: ಸುಮ್ಮನೆ. ಸಹಿ ಹಾಕಿ ಕಾಫಿ ಲೋಟದ ಕೆಳಗಿಟ್ಟೆ.

ಇವರು ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಈ ಉದ್ದೇಶ ಪಾಸಾಗುವುದಿಲ್ಲ ಅಂತ ಶುರು ಮಾಡಿ, ಯಾಕೋ ಅರ್ಧಕ್ಕೇ ನಿಲ್ಲಿಸಿದರು. ಚೀಟಿಯನ್ನು ನೋಡುತ್ತಲೇ ಕೇಳಿದರು, "ಆ ಕಡ್ಲೆಕಾಯಿ ಅಜ್ಜಿ ನಿಂಗೆ ಮಾತ್ರ ಒಂದ್ ಹಿಡಿ ಜಾಸ್ತಿ ಹಾಕೋಳು, ಅಲ್ವಾ?"

ಅದು ಇವರಿಗೆ ನೆನಪಿದೆ ಅಂತ ನನಗೆ ಗೊತ್ತಿರಲಿಲ್ಲ. ಇವರು ಎದ್ದು ಕಾರಿನ ಕೀ ತೆಗೆದುಕೊಂಡರು. ಮನಸ್ಸು ಬದಲಾದೀತು ಅಂತ ನಾನು ಮನೆಯಲ್ಲುಡುವ ಸೀರೆಯಲ್ಲೇ, ಹವಾಯಿ ಚಪ್ಪಲಿಯಲ್ಲೇ ಕಾರು ಹತ್ತಿದೆ. ಇವರು ಟ್ರ್ಯಾಕ್ ಪ್ಯಾಂಟಿನಲ್ಲಿದ್ದರು, ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

ತಲಘಟ್ಟಪುರದಲ್ಲಿ ಮೋರಿ ಇದ್ದ ಜಾಗದಲ್ಲಿ ಮೆಟ್ರೋ ಕಂಬ ನಿಂತಿತ್ತು. ಇಬ್ಬರೂ ಅದನ್ನೇ ನೋಡುತ್ತಾ ಕೂತೆವು. ಇನ್ನು ವಾಪಸ್ ತಿರುಗಿಸುತ್ತಾರೆ ಅಂದುಕೊಂಡರೆ, ಇನ್ನೊಂದು ಚೂರು ಮುಂದೆ ಬೇರೆ ಮೋರಿ ಸಿಗಬಹುದು ಅಂದರು. ಸಿಗಲಿಲ್ಲ. ಇನ್ನೊಂದು ಚೂರು ಅಂದರು. ಗಾಜು ಇಳಿಸಿ, ಗಾಳಿಗೆ ಮುಖ ಕೊಟ್ಟು, ಏನೋ ಗುನುಗುತ್ತಾ ಓಡಿಸಿದರು. ಹಿಂದಿನ ದಿನ ಮಹಡಿಯವರು ಬ್ಯಾಟರಿ ಖಾಲಿ ಮಾಡಿದ್ದು, ಅದು ಅರ್ಧವೂ ತುಂಬದೆ ಇದ್ದದ್ದು ಇಬ್ಬರಿಗೂ ನೆನಪೇ ಆಗಲಿಲ್ಲ. ಕಾರು ಕುಂಯ್‌ಗುಟ್ಟಿದಾಗ ಮನೆ ಬಹಳ ದೂರವಿತ್ತು.

ರಸ್ತೆ ಬದಿಯ ಚಾರ್ಜರ್ ಕಂಡರೆ ಇವರಿಗೆ ಆಗದು. ಮನೆಯ ಕರೆಂಟಿಗಿಂತ ದುಬಾರಿ, ಸಾಲದ್ದಕ್ಕೆ ಜಿಎಸ್‌ಟಿ ಬೇರೆ. ಮುಂಬಾಗಿಲಲ್ಲಿ ಬಿಟ್ಟ ಟ್ಯಾಕ್ಸನ್ನು ಹಿತ್ತಲಲ್ಲಿ ಹಿಡಿಯುತ್ತಾರೆ ಅನ್ನುವುದು ಇವರ ಸಿದ್ಧಾಂತ. ಆವತ್ತು ಸಿದ್ಧಾಂತವನ್ನೂ ಬಿಟ್ಟು ಒಂದು ಚಾರ್ಜರ್ ಹತ್ತಿರ ನಿಲ್ಲಿಸಿದರು. ಅದು ಕೆಟ್ಟಿತ್ತು.

ಪಕ್ಕದಲ್ಲೇ ಕಲ್ಯಾಣ ಮಂಟಪ, ಯಾರದೋ ಮದುವೆ. ಇವರು ಹೋಗಿ ಒಂದು ಹದಿನೈದು ಆಂಪಿನ ಪ್ಲಗ್ ಸಿಗಬಹುದೇ ಅಂತ ಮ್ಯಾನೇಜರನ್ನು ಕೇಳಿದರು. ಆತ ನಮ್ಮನ್ನು ಹುಡುಗಿ ಕಡೆಯವರು ಅಂದುಕೊಂಡು ಅಡುಗೆಮನೆಯ ಹಿಂದೆ ಜಾಗ ತೋರಿಸಿದ. "ಅದ್ರ ಪಾಡಿಗೆ ಅದು ಆಗ್ಲಿ ಸಾರ್. ನೀವು ಊಟಕ್ಕೆ ನಡೀರಿ, ಎಲೆ ಹಾಕ್ಬಿಟ್ರು."

ಎರಡು ಗಂಟೆ ಹೊತ್ತು ಎಲ್ಲಿ ಕೂರುವುದು? ಪಂಕ್ತಿಯಲ್ಲಿ ಕೂತೆವು. ಬಡಿಸುವವನು ಎರಡನೇ ಒಬ್ಬಟ್ಟು ಹಾಕುವಾಗ ಇವರು ಬೇಡ ಅನ್ನಲಿಲ್ಲ, ತುಪ್ಪವನ್ನೂ ಕೇಳಿ ಹಾಕಿಸಿಕೊಂಡರು.

ಆದರೆ ಮದುವೆ ಊಟ ಉಂಡು ಮುಯ್ಯಿ ಕೊಡದೆ ಎದ್ದು ಹೋಗುವ ಜಾತಿಯವರಲ್ಲ ಇವರು. ಜೇಬು ತಡಕಿ ಐನೂರರ ನೋಟು ತೆಗೆದರು. ಕವರ್ ಇಲ್ಲ. ಜೇಬಿನಲ್ಲಿ ಇದ್ದ ಕಾಗದ ಒಂದೇ, ನನ್ನ ಇಂಡೆಂಟ್. ಅದರಲ್ಲೇ ನೋಟನ್ನು ಸುತ್ತಿ, ಟ್ರ್ಯಾಕ್ ಪ್ಯಾಂಟಿನಲ್ಲೇ ವೇದಿಕೆ ಹತ್ತಿ, ಮದುಮಗಳ ಕೈಗಿಟ್ಟು ಅಕ್ಷತೆ ಹಾಕಿದರು. ಫೋಟೋಗೂ ನಿಂತೆವು. ಆ ಹುಡುಗಿ ಮನೆಗೆ ಹೋಗಿ ಚೀಟಿ ಬಿಚ್ಚಿ, ಕಾರು ಯಜಮಾನರ ಸಮೇತ, ಉದ್ದೇಶ ಸುಮ್ಮನೆ ಅಂತ ಓದಿಕೊಂಡಿರುತ್ತಾಳೆ. ಅದಕ್ಕಿಂತ ಒಳ್ಳೆಯ ಆಶೀರ್ವಾದ ನನಗಂತೂ ಗೊತ್ತಿಲ್ಲ.

ಮರುದಿನ ಕದ್ದು ನೋಟ್‌ಬುಕ್ ತೆಗೆದೆ. ಭಾನುವಾರದ ಸಾಲಿನಲ್ಲಿ ಇವರ ಗುಂಡು ಅಕ್ಷರ ಹೀಗಿತ್ತು:

"ಕರೆಂಟು: ಪುಕ್ಕಟೆ. ಮುಯ್ಯಿ: ಐನೂರು. ಪೆಟ್ರೋಲ್ ಕಾರಿಗಿಂತ ದುಬಾರಿ. ಷರಾ: ಈ ಉದ್ದೇಶಕ್ಕೆ ಇನ್ನು ಮುಂದೆ ಇಂಡೆಂಟ್ ಬೇಕಿಲ್ಲ. ಕಾರಿನಲ್ಲಿ ಸದಾ ಎರಡು ಮುಯ್ಯಿ ಕವರ್ ಇಟ್ಟಿರತಕ್ಕದ್ದು."