ಗೌರಿಯ ಕಿವಿಯ ಉಣುಗು

ನಿವೃತ್ತರಾದ ಮೇಷ್ಟ್ರುಗಳಿಗೆ ಬರುವ ದೊಡ್ಡ ಕಾಯಿಲೆಯೆಂದರೆ, ಹೇಳಲು ಪಾಠವಿದ್ದೂ ಕೇಳುವವರಿಲ್ಲದಿರುವುದು. ಸಾಗರದ ಕಾಲೇಜಿನಲ್ಲಿ ಮೂವತ್ತು ವರ್ಷ ಅರ್ಥಶಾಸ್ತ್ರ ಹೇಳಿ, ಹೊಸನಗರದ ಹತ್ತಿರದ ನಮ್ಮೂರಿಗೆ ಬಂದ ಮೇಲೆ ನನಗೆ ಉಳಿದ ಒಬ್ಬಳೇ ವಿದ್ಯಾರ್ಥಿನಿ ನಮ್ಮ ಹಸು ಗೌರಿ. ಸಂಜೆ ಮೇದು ಬಂದವಳು ನನ್ನ ಸ್ಟೂಲಿನ ಮುಂದೆ ನಿಂತು ನನ್ನ ತೊಡೆಯ ಮೇಲೆ ಕತ್ತು ಚಾಚುತ್ತಿದ್ದಳು. ನಾನು ಅವಳ ಕಿವಿಯೊಳಗೆ ಕಚ್ಚಿಕೊಂಡು ರಕ್ತ ಹೀರುವ ಉಣುಗುಗಳನ್ನು ಒಂದೊಂದಾಗಿ ಕಿತ್ತು ಗರಟೆಗೆ ಹಾಕುತ್ತ ಬೇಡಿಕೆ, ಪೂರೈಕೆ ವಿವರಿಸುತ್ತಿದ್ದೆ. ಅವಳು ಅರೆಗಣ್ಣು ಮುಚ್ಚಿ ಕೇಳುತ್ತಿದ್ದಳು. ನನ್ನ ಹಳೆಯ ವಿದ್ಯಾರ್ಥಿಗಳೂ ಕಣ್ಣು ಮುಚ್ಚುತ್ತಿದ್ದರು, ಆದರೆ ಕತ್ತು ಚಾಚುತ್ತಿರಲಿಲ್ಲ.

ಇಂಥ ಸುಖದ ನಡುವೆ ಸರ್ಕಾರ ಬಂತು. ಪಶು ಆಸ್ಪತ್ರೆಯವರು ಮನೆಮನೆಗೂ ಉಣುಗಿನ ಔಷಧಿ ಪುಕ್ಕಟೆ ಕೊಟ್ಟರು. ಬೆನ್ನ ಮೇಲೆ ಸುರಿದೆ. ವಾರದೊಳಗೆ ಉಣುಗು ಮಾಯ, ಗೌರಿಯೂ ಮಾಯ. ಸಂಜೆ ನನ್ನನ್ನು ದಾಟಿ ನೇರವಾಗಿ ಕೊಟ್ಟಿಗೆಗೆ ಹೋಗತೊಡಗಿದಳು. ನಾನು ಖಾಲಿ ಗರಟೆ ಹಿಡಿದು ದಾರಿ ಕಾಯುತ್ತಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಕತ್ತಿನ ಭಾರಕ್ಕಾಗಿ ನನ್ನ ತೊಡೆ ಹಂಬಲಿಸಿತು.

ಎರಡನೆಯ ಸಲ ಔಷಧಿ ಬಂದಾಗ ಹಾಲಿನ ಡೈರಿಯ ಮುಂದೆ ಭಾಷಣ ಮಾಡಿದ್ದು ನಾನೇ. ದನಗಳೆಲ್ಲ ಒಂದೇ ಬಯಲಲ್ಲಿ ಮೇಯುತ್ತವೆ, ಒಂದು ಮನೆಯವರು ಹಚ್ಚದಿದ್ದರೆ ಊರಿನವರ ಔಷಧಿಯೆಲ್ಲ ದಂಡ, ಅದಕ್ಕೇ ಸರ್ಕಾರ ಪುಕ್ಕಟೆ ಕೊಡುವುದು ಎಂದೆ. ಎಲ್ಲರೂ ತಲೆದೂಗಿದರು. ಮನೆಗೆ ಬಂದು ನನ್ನ ಬಾಟಲಿಯನ್ನು ಅಟ್ಟದ ಮೇಲಿಟ್ಟೆ. ಕೆಲವೇ ವಾರಗಳಲ್ಲಿ ಗೌರಿ ಮತ್ತೆ ಕತ್ತು ಚಾಚಿದಳು. ನಾನು ಹಣದುಬ್ಬರದಿಂದ ಪಾಠ ಮುಂದುವರಿಸಿದೆ.

ಒಂದು ಸಂಜೆ ಪಕ್ಕದ ಮನೆಯ ದೇವಮ್ಮ ಬಂದಳು. ಇರುವ ಒಂದೇ ಹಸುವಿನ ಹಾಲಿನಲ್ಲಿ ಸಂಸಾರ ನಡೆಸುವವಳು. ಹಸುವಿಗೆ ಮತ್ತೆ ಉಣುಗು ಹತ್ತಿ ಜ್ವರ ಬಂದು ಹಾಲು ಅರ್ಧಕ್ಕಿಳಿದಿದೆಯಂತೆ.

"ಊರೋರೆಲ್ಲ ಹಚ್ಚೀವಿ ಮೇಷ್ಟ್ರೇ. ಮತ್ತೆ ಎಲ್ಲಿಂದ ಬಂದ್ವು?"

ಯಾರೋ ಬೇಜವಾಬ್ದಾರಿಯವರು ಹಚ್ಚಿಲ್ಲ ಎನ್ನುವಷ್ಟರಲ್ಲಿ ಗೌರಿ ಬಂದು, ಇಬ್ಬರ ನಡುವೆ ನಿಂತು, ಕತ್ತು ಚಾಚಿದಳು. ದೇವಮ್ಮ ಅವಳ ಕಿವಿ ಮಡಚಿ ನೋಡಿದಳು. ಗರಟೆ ನೋಡಿದಳು. ನನ್ನನ್ನು ನೋಡಿದಳು.

"ಹಚ್ಚಿ ಮೇಷ್ಟ್ರೇ," ಎಂದಳು ಮೆಲ್ಲಗೆ. "ಸುಮ್ನೆ ಕೆರೆದ್ರೂ ನಿಂತ್ಕೊಳ್ತದೆ."

ಅವಳ ಎದುರಿಗೇ ಅಟ್ಟದಿಂದ ಬಾಟಲಿ ಇಳಿಸಿ ಹಚ್ಚಿದೆ. ಈಗ ದೇವಮ್ಮನ ಹಸು ಚೇತರಿಸಿಕೊಂಡಿದೆ. ನಾನು ಸಂಜೆ ಗೌರಿಯನ್ನು ಕರೆದು ಸುಮ್ಮನೆ ಕೆರೆಯುತ್ತೇನೆ. ಅವಳು ಎರಡು ನಿಮಿಷ ಮುಲಾಜಿಗೆ ನಿಂತು ಹುಲ್ಲಿನ ಕಡೆ ಹೋಗುತ್ತಾಳೆ. ಅವಳನ್ನು ದೂರುವಂತಿಲ್ಲ. ಲಾಭವಿಲ್ಲದ ಕಡೆ ಹೊತ್ತು ಕಳೆಯಬಾರದೆಂದು ಕಲಿಸಿದ್ದು ನಾನೇ.