ಜುಮ್ಮೆನ್ನುವ ಪೆಟ್ಟಿಗೆ

ಕೊನೆಯ ಸ್ಕ್ರೂ ಬಿಗಿದು, ಸ್ವಿಚ್ಚು ಹಾಕಿ, ಮಗನ ಬೆನ್ನು ತಟ್ಟುವ ಅಪ್ಪನ ಹಾಗೆ ಮಹಾಲಿಂಗ ತಾನೇ ಜೋಡಿಸಿದ ಕಂಪ್ಯೂಟರಿನ ತಗಡು ಪೆಟ್ಟಿಗೆಯನ್ನು ತಟ್ಟಿದ. ಪೆಟ್ಟಿಗೆ ಅವನಿಗೆ ತಿರುಗಿ ಕೊಟ್ಟಿತು. ಬೆರಳ ತುದಿಯಿಂದ ಮೊಣಕೈವರೆಗೆ ಜುಮ್ಮೆಂದಿತು.

ಅತ್ತಿತ್ತ ನೋಡಿದ. ಯಾರೂ ಇರಲಿಲ್ಲ. ಇನ್ನೊಂದು ಬೆರಳಿನಲ್ಲಿ ಮುಟ್ಟಿದ. ಪೆಟ್ಟಿಗೆ ಪಕ್ಷಪಾತ ಮಾಡಲಿಲ್ಲ, ಅದಕ್ಕೂ ಜುಮ್ಮೆನ್ನಿಸಿತು.

ಅದು 2004. ಕಾಸರಗೋಡಿನ ವಿದ್ಯಾನಗರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಮಹಾಲಿಂಗನ ಬಾಯಲ್ಲಿ ಆ ವರ್ಷವಿಡೀ ಒಂದೇ ಭಾಷಣ. "ಕಂಪೆನಿ ಕಂಪ್ಯೂಟರ್ ಅಂದ್ರೆ ಎಂತ? ಒಳಗೆ ಇರುವುದು ಇದೇ ಸಾಮಾನು. ಮೇಲೆ ಹೆಸರು ಬರೆದದ್ದಕ್ಕೆ ಹದಿನೈದು ಸಾವಿರ ಹೆಚ್ಚು ಕೊಡ್ಲಿಕ್ಕೆ ನನಗೆ ಮರ್ಲಾ?" ಬಸ್ಸಿನಲ್ಲಿ, ಚಹಾದಂಗಡಿಯಲ್ಲಿ, ಪುತ್ತಿಗೆಯ ತನ್ನ ನೆರೆಕರೆಯಲ್ಲಿ ಇದನ್ನು ಕೇಳದ ಕಿವಿ ಉಳಿದಿರಲಿಲ್ಲ. ಮಂಗಳೂರಿನಿಂದ ಒಂದೊಂದೇ ಬಿಡಿಭಾಗ ತಂದು ಕೂಡಿಸಿಟ್ಟಿದ್ದ.

ಹೆಂಡತಿ ಭವ್ಯಶ್ರೀ ಮಾತ್ರ ಒಂದು ಷರತ್ತು ಹಾಕಿದ್ದಳು. ಬದಿಯಡ್ಕದಲ್ಲಿ ಡಿಟಿಪಿ ಕಲಿತು, ಮನೆಯಲ್ಲೇ ಮದುವೆ ಕಾಗದ, ನೋಟೀಸು ಟೈಪು ಮಾಡಿಕೊಡಲು ಹೊರಟವಳು ಅವಳು. "ಎರಡನೇ ಶನಿವಾರ ನಿಮಗೆ ರಜೆ ಅಲ್ವಾ? ಆ ದಿವಸ ನೀವು ಮಾಡಿದ್ದು ಸರಿಯಾಗದಿದ್ರೆ ಅದೇ ದಿವಸ ಕಂಪೆನಿಯದ್ದು ಬರ್ಬೇಕು. ಮತ್ತೆ ಮಾತಿಲ್ಲ." ಇವತ್ತೇ ಆ ಶನಿವಾರ. ಊರಿನಲ್ಲಿ ಅವನ ಮಾತಿಗಿದ್ದ ಬೆಲೆಯೆಲ್ಲ ಈಗ ಆ ಪೆಟ್ಟಿಗೆಯ ಮೇಲೆ ನಿಂತಿತ್ತು.

"ಆಯ್ತಾ?" ಕುಂಕುಮದ ಬಟ್ಟಲು ಹಿಡಿದು ಭವ್ಯಶ್ರೀ ಬಂದಳು.

"ಆಯ್ತು ಆಯ್ತು. ಕೀಬೋರ್ಡು ಮುಟ್ಟು, ಮೌಸು ಮುಟ್ಟು. ಪೆಟ್ಟಿಗೆ ಮಾತ್ರ ಮುಟ್ಬೇಡ."

"ಯಾಕೆ?"

"ಅದು... ಈಗ ಬಿಸಿ ಉಂಟು."

ಹೊಸ ವಸ್ತುವಿಗೆ ಬೊಟ್ಟಿಡದೆ ಕೆಲಸ ಸುರು ಮಾಡುವ ಮನೆ ಅದಲ್ಲ. ಅವಳು ಒದ್ದೆ ಬೆರಳಿನಿಂದ ಪೆಟ್ಟಿಗೆಯ ನೆತ್ತಿಗೆ ಕುಂಕುಮ ಇಟ್ಟಳು. "ಅಯ್ಯಮ್ಮಾ!" ಎಂದು ಕೂಗಿದ್ದೇ ಬಟ್ಟಲು ಹಾರಿತು, ಕುಂಕುಮವೆಲ್ಲ ಮಹಾಲಿಂಗನ ಬಿಳಿ ಬನಿಯನಿನ ಮೇಲೆ ಬಿತ್ತು.

ಕೂಗು ಕೇಳಿ ಪಕ್ಕದ ಮನೆಯ ಅಮ್ಮಣಿಯಕ್ಕ ಓಡಿ ಬಂದರು. ಓಡಿ ಅಂದರೆ, ಮಂಡಿನೋವಿನವರು ಓಡುವಷ್ಟು. ಬನಿಯನು ನೋಡಿ, "ಎಂತ ಮಗಾ, ಗಂಡನನ್ನು ಕಡಿದೆಯಾ?" ಎಂದು ಕೇಳಿದರು. ವಿಷಯ ತಿಳಿದ ಮೇಲೆ ಸುಮ್ಮನಿರುವ ಜಾಯಮಾನ ಅವರದಲ್ಲ. ಇಡೀ ಅಂಗೈಯನ್ನೇ ಪೆಟ್ಟಿಗೆಯ ಮೇಲಿಟ್ಟರು. ಒಮ್ಮೆ ನಡುಗಿದರು. ಮುಖ ಅರಳಿತು.

"ಮಾಲಿಂಗಾ! ಮಂಡಿಯಲ್ಲಿ ಹಿಡಿದದ್ದು ಬಿಟ್ಟ ಹಾಗಾಯ್ತಲ್ಲಾ ಮಾರಾಯ! ಇನ್ನೊಂದ್ಸಲ ಮುಟ್ಲಾ?"

ಸ್ವಲ್ಪ ಹೊತ್ತಿನಲ್ಲಿ ಜಗಲಿಯ ಕೆಳಗೆ ಚಪ್ಪಲಿಗಳು ಸೇರಿದವು. ಸೊಂಟ ಹಿಡಿದವರು, ಕುತ್ತಿಗೆ ಉಳುಕಿದವರು, ಏನೂ ಆಗದಿದ್ದರೂ ಇರಲಿ ಎಂದು ಬಂದವರು. ಮಹಾಲಿಂಗ ಬೆವರು ಸುರಿಸುತ್ತ ಪೆಟ್ಟಿಗೆ ಬಿಚ್ಚಿದ, ಜೋಡಿಸಿದ, ವಯರು ಬದಲಿಸಿದ, ಮತ್ತೆ ಬಿಚ್ಚಿದ. ಪ್ರತಿ ಸಲವೂ ಮುಟ್ಟಿ ಪರೀಕ್ಷಿಸಲು ಬೆರಳುಗಳಿಗೆ ಕೊರತೆ ಇರಲಿಲ್ಲ. ಪ್ರತಿ ಸಲವೂ ಫಲಿತಾಂಶ ಒಂದೇ.

"ಔಷಧಿಗೆ ಒಳ್ಳೇದುಂಟು," ಅಮ್ಮಣಿಯಕ್ಕ ತೀರ್ಪು ಕೊಟ್ಟರು. "ಆದ್ರೆ ಕಂಪ್ಯೂಟರ್ ಅಂದ್ರೆ ಕಂಪೆನಿಯದ್ದೇ ಆಗ್ಬೇಕು. ಅದ್ರಲ್ಲಿ ಕರೆಂಟು ಒಳಗೇ ಇರ್ತದೆ."

ಭವ್ಯಶ್ರೀ ಗಂಡನನ್ನು ಅಡುಗೆಮನೆಗೆ ಕರೆದಳು. "ನಾನು ಡಿಟಿಪಿ ಮಾಡ್ಬೇಕಾ, ಮಂಡಿನೋವಿನ ಆಸ್ಪತ್ರೆ ಇಡ್ಬೇಕಾ? ನನ್ನ ಷರತ್ತು ನೆನಪುಂಟಲ್ಲ?"

ಊಟದ ಹೊತ್ತಿಗೆ ರೋಗಿಗಳು ಚದುರಿದಾಗ ಜಿನಸಿನಂಗಡಿಯ ಮಮ್ಮುಂಞಿ ಬಂದ. ದುಬಾಯಿಯಲ್ಲಿ ಹತ್ತು ವರ್ಷ ಇದ್ದು ಬಂದವನು. ಪೆಟ್ಟಿಗೆಯನ್ನು ದೂರದಿಂದಲೇ ನೋಡಿ, "ಮಾಲಿಂಗಣ್ಣಾ, ಅರ್ಧ ರೇಟಿಗೆ ಕೊಡ್ತೀರಾ? ನಮ್ಮ ಮಗಳು ಅಫೀಫಾ ಕಂಪ್ಯೂಟರ್ ಬೇಕು ಅಂತ ಹಟ ಹಿಡಿದಿದ್ದಾಳೆ. ಜುಮ್ಮಂದ್ರೆ ಚಪ್ಪಲಿ ಹಾಕಿ ಕೂತ್ಕೊಳ್ತಾಳೆ," ಎಂದ. ಹೆಂಡತಿಯ ಮುಖ ನೋಡಿ ಮಹಾಲಿಂಗ ಕೊಟ್ಟುಬಿಟ್ಟ. ತಾನೇ ಬಿಗಿದ ಸ್ಕ್ರೂಗಳೆಲ್ಲ ರಿಕ್ಷಾ ಹತ್ತಿ ಹೋಗುವಾಗ ಅವನ ಕಣ್ಣು ತುಂಬಿತು.

ಸಂಜೆಗೆ ಕಾಸರಗೋಡಿನಿಂದ ಜೀಪಿನಲ್ಲಿ ಕಂಪೆನಿ ಕಂಪ್ಯೂಟರು ಬಂತು. ಅದೇ ಕೋಣೆ, ಅದೇ ಮೇಜು, ಅದೇ ಪ್ಲಗ್ಗು. ಭವ್ಯಶ್ರೀ ಸಮಾಧಾನದಿಂದ ಬೆರಳು ಒದ್ದೆ ಮಾಡಿ ಕುಂಕುಮ ಇಟ್ಟಳು.

"ಅಯ್ಯಮ್ಮಾ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

"ಮಾಲಿಂಗಣ್ಣಾ, ಮಮ್ಮುಂಞಿ. ನಿಮ್ಮ ಪೆಟ್ಟಿಗೆ ಇಲ್ಲಿ ಜುಮ್ಮನ್ನುದೇ ಇಲ್ಲ! ನನ್ನ ಹೆಂಡತಿ ಪಾತುಮ್ಮ ಅದನ್ನು ತಬ್ಬಿ ಹಿಡಿದು ಕುಂಕುಮ ಒರೆಸಿದ್ದಾಳೆ. ಎಂತ ಮಂತ್ರ ಮಾಡಿದ್ರಿ?"

ಮಹಾಲಿಂಗ ಗೋಡೆಯ ಪ್ಲಗ್ಗನ್ನು ದಿಟ್ಟಿಸಿದ. ಟೆಸ್ಟರು ತಂದು ನೋಡಿದ, ಬಿಚ್ಚಿ ನೋಡಿದ. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸಬೇಕಾದ ಅರ್ತ್ ವಯರೇ ಅಲ್ಲಿರಲಿಲ್ಲ. ಮನೆ ಕಟ್ಟಿದಾಗಲೇ ಯಾರೋ ಹಾಕುವುದನ್ನು ಮರೆತಿದ್ದರು.

"ಭವ್ಯಾ, ತಪ್ಪು ಗೋಡೆಯದ್ದು! ನಾನು ಮಾಡಿದ್ದು ಸರಿ ಉಂಟು!"

"ಅಷ್ಟು ತಿಳ್ಕೊಳ್ಲಿಕ್ಕೆ ಇಷ್ಟು ಖರ್ಚಾ?" ಎಂದಳು ಭವ್ಯಶ್ರೀ. ಆದರೆ ಅವಳಿಗೂ ನಗು ಬಂತು.

ಬೆಳಿಗ್ಗೆಯಿಂದ ಎದೆಯ ಮೇಲೆ ಕೂತಿದ್ದ ಭಾರ ಒಮ್ಮೆಲೇ ಇಳಿಯಿತು. ದುಡ್ಡು ಹೋದರೆ ಹೋಗಲಿ, ಕೈ ಕೆಟ್ಟಿರಲಿಲ್ಲವಲ್ಲ! ಮಹಾಲಿಂಗ ಮತ್ತೆ ಫೋನಿಗೆ ಹಾರಿದ.

"ಮಮ್ಮುಂಞಿಚ್ಚ, ಒಂದು ಉಪಕಾರ ಆಗ್ಬೇಕು. ಅಂಗಡಿಗೆ ಬರುವವರ ಹತ್ರ ಎಲ್ಲ ಹೇಳಿ, ಮಹಾಲಿಂಗ ಮಾಡಿದ ಕಂಪ್ಯೂಟರ್ ಫಸ್ಟ್ ಕ್ಲಾಸ್ ಉಂಟು ಅಂತ."

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು. ಮತ್ತೆ ಮಮ್ಮುಂಞಿಯ ದನಿ ತಗ್ಗಿತು.

"ಅದೊಂದು ಆಗ್ಲಿಕ್ಕಿಲ್ಲ ಮಾರಾಯ್ರೇ. ನೋಡ್ಲಿಕ್ಕೆ ಅಂತ ಊರಿನವರೆಲ್ಲ ಇಲ್ಲಿದ್ದಾರೆ. ದುಬಾಯಿಯಿಂದ ತರಿಸಿದ ಕಂಪೆನಿ ಮಾಲು ಅಂತ ಹೇಳಿ ಆಗಿದೆ. ಈಗಷ್ಟೇ ಅಮ್ಮಣಿಯಕ್ಕ ಮುಟ್ಟಿ ನೋಡಿದ್ರು. ಜುಮ್ಮನ್ನದೆ ಇದ್ದದ್ದು ಕಂಡು, 'ಕಂಪೆನಿಯದ್ದು ಅಂದ್ರೆ ಇದು! ನಮ್ಮ ಮಾಲಿಂಗನಿಗೆ ಹೇಳಿದ್ರೆ ಎಲ್ಲಿ ಕೇಳ್ತಾನೆ' ಅಂದ್ರು. ನೀವು ಬಾಯಿ ಬಿಡ್ಬೇಡಿ, ಆಯ್ತಾ?"

ಮಹಾಲಿಂಗ ಮೆಲ್ಲನೆ ಫೋನು ಇಟ್ಟ.

"ಎಂತಂತೆ?" ಎಂದಳು ಭವ್ಯಶ್ರೀ.

"ಎಂತ ಇಲ್ಲ. ನಮ್ಮ ಕಂಪ್ಯೂಟರು ಊಟ ಆದ ಮೇಲೆ ಒಮ್ಮೆ ದುಬಾಯಿಗೆ ಹೋಗಿ ಬಂತಂತೆ."