ಮೂರು ಕಡ್ಡಿ ನೆಟ್‌ವರ್ಕ್

ಮಾರುತೇಶನ ಗ್ರಹಚಾರ ಕೆಟ್ಟಿದ್ದು ಒಂದೇ ಒಂದು ಮಾತಿನಿಂದ. ಹಿರಿಯೂರಿನ ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತಿದ್ದ ಈ ಬಡಪಾಯಿ, "ಮಹಡಿ ಮೇಲೆ ಏನೋ ಕಟ್ತಿದೀರಲ್ಲ, ಏನ್ರಿ ಅದು?" ಎಂದು ಕೇಳಿದ ಮನೆ ಮಾಲೀಕ ಮೂರ್ತಪ್ಪನಿಗೆ "ನೆಟ್‌ವರ್ಕ್ ಮಾಡೆಲ್ಲು ಯಜಮಾನ್ರೇ" ಎಂದುಬಿಟ್ಟಿದ್ದ. ಅದು ಎರಡು ಸಾವಿರದ ನಾಲ್ಕನೇ ಇಸವಿ. ಮೂರ್ತಪ್ಪ ಹೊಸ ಮೊಬೈಲು ಕೊಂಡು, ಸಿಗ್ನಲ್ ಹುಡುಕಿಕೊಂಡು ನೀರಿನ ಟ್ಯಾಂಕ್ ಹತ್ತುತ್ತಿದ್ದ ಕಾಲ. ಅವನ ಮಟ್ಟಿಗೆ ನೆಟ್‌ವರ್ಕಿಗೆ ಇದ್ದದ್ದು ಒಂದೇ ಅರ್ಥ.

ಮಾರುತೇಶನದು ಬೇರೆಯೇ ಫಜೀತಿ. ನಮ್ಮ ಮೈಯೊಳಗಿನ ಪ್ರೋಟೀನು ಸುಮ್ಮನೆ ಬಿದ್ದಿರುವುದಿಲ್ಲ, ಬಾಯಿ ತೆರೆಯುತ್ತದೆ, ಮುಚ್ಚುತ್ತದೆ. ಅದು ಹೇಗೆಂದು ತಿಳಿಯಬೇಕಾದರೆ ಅದನ್ನೊಂದು ಮಣಿಗಳ ಬಲೆ ಎಂದುಕೊಂಡು, ಅಕ್ಕಪಕ್ಕದ ಮಣಿಗಳನ್ನು ಸ್ಪ್ರಿಂಗಿನಿಂದ ಜೋಡಿಸಿ, ಒಂದನ್ನು ಎಳೆದು ಮಿಕ್ಕವು ಹೇಗೆ ಸರಿಯುತ್ತವೆಂದು ನೋಡಬೇಕು. ದೊಡ್ಡ ಊರುಗಳಲ್ಲಿ ಈ ಕೆಲಸ ಕಂಪ್ಯೂಟರಿನದು. ಮಾರುತೇಶನ ಬಳಿ ಇದ್ದದ್ದು ನಂಬರು ಬರೆದ ನೂರಾ ಹನ್ನೆರಡು ಪ್ಲಾಸ್ಟಿಕ್ ಮಣಿ ಮತ್ತು ಪೆನ್ನಿನ ಸ್ಪ್ರಿಂಗು. ಅವನ ದೆಸೆಯಿಂದ ಸ್ಟಾಫ್ ರೂಮಿನಲ್ಲಿ ಟಿಕ್ ಅನ್ನುವ ಪೆನ್ನು ಒಂದೂ ಉಳಿದಿರಲಿಲ್ಲ. ಆದರೂ ಆರು ತಿಂಗಳಿಂದ ಎಲ್ಲಿ ಎಳೆದರೂ ಆ ಹಾಳು ಪ್ರೋಟೀನು ಆಕಳಿಸಿದ ಬಾಯಿ ಮುಚ್ಚಿರಲಿಲ್ಲ. ಅದು ಮುಚ್ಚಿದ್ದನ್ನು ತೋರಿಸಿ ಪಿಎಚ್.ಡಿ. ಅರ್ಜಿಗೆ ಚಿತ್ರದುರ್ಗದ ಗೈಡು ತಿಮ್ಮರಾಯಪ್ಪನವರ ಸಹಿ ಹಾಕಿಸಿಕೊಳ್ಳಲು ಇವತ್ತೇ ಕಡೇ ದಿನ.

ಬಣ್ಣ ಒಣಗಲಿ ಎಂದು ಮಾಡೆಲ್ಲನ್ನು ಬಿಸಿಲಿಗಿಟ್ಟು ಅವನು ಸ್ನಾನಕ್ಕೆ ಹೋಗಿದ್ದ. ತಲೆಗೆ ಎರಡು ಚೊಂಬು ನೀರು ಬಿದ್ದಿತ್ತೋ ಇಲ್ಲವೋ, ಮೇಲಿನಿಂದ ಕೂಗಾಟ ಕೇಳಿಸಿತು.

"ಬಂತೇನಣ್ಣ?"

"ಇಲ್ಲ ಕಣಕ್ಕ. ಇನ್ನೊಸಿ ಎಳಿ."

ಮಾರುತೇಶ ಟವೆಲಿನಲ್ಲೇ ಮೆಟ್ಟಿಲು ಹತ್ತಿದ. ಅವನ ಪ್ರೋಟೀನು ಟಿವಿ ಆಂಟೆನಾ ಕಂಬದಲ್ಲಿ ನೇತಾಡುತ್ತಿತ್ತು. ಎದುರು ಮನೆಯ ದುರುಗಕ್ಕ ಟ್ಯಾಂಕ್ ಮೇಲೆ ನಿಂತು ಹಾಲು ಕರೆಯುವವಳ ಹಾಗೆ ಮಣಿ ಎಳೆಯುತ್ತಿದ್ದಳು.

"ಅಯ್ಯೋ, ಬಿಡ್ರಿ ಅದನ್ನ" ಎಂದು ಮಾರುತೇಶ ಬಾಯಿ ಬಡಿದುಕೊಂಡ.

"ಸುಮ್ಕಿರ್ರಿ ಮೇಷ್ಟ್ರೇ, ಮೂರು ಕಡ್ಡಿ ತೋರುಸ್ತೈತೆ" ಎಂದು ಮೂರ್ತಪ್ಪ ಮೊಬೈಲಿನ ಗೆರೆಗಳನ್ನು ಅವನ ಮೂಗಿಗೆ ಹಿಡಿದ. ಮರುಕ್ಷಣವೇ, "ಹಲೋ, ಜವನಗೊಂಡನಹಳ್ಳಿಯೇನ್ರಿ? ನಾನು ಮೂರ್ತಪ್ಪ, ಮನೇಲೇ ನಿಂತು ಮಾತಾಡ್ತಾ ಇದೀನಿ" ಎಂದು ಇಡೀ ಬೀದಿಗೆ ಕೇಳುವಂತೆ ಶುರುಮಾಡಿದ.

ದುರುಗಕ್ಕ ಹೆಮ್ಮೆಯಿಂದ ಕೆಳಗಿಳಿದಳು. "ಎಷ್ಟು ಎಳದ್ರೂ ಬರ್ಲಿಲ್ಲ ಮೇಷ್ಟ್ರೇ. ಆಮ್ಯಾಲೆ ಒಂದೇ ಒಂದು ಮಣಿ ಎಳದೆ ನೋಡ್ರಿ, ಫಳ್ ಅಂತ ಬಂತು. ಯಾವ್ದು ಅಂತ ಹೇಳ್ಲಾ?"

"ಏನೂ ಹೇಳ್ಬ್ಯಾಡ್ರಿ ತಾಯಿ" ಎಂದು ಮಾರುತೇಶ ಕೈಮುಗಿದ. ಸ್ಪ್ರಿಂಗುಗಳು ಜಗ್ಗಿಹೋಗಿ ಮಾಡೆಲ್ಲು ಮುಷ್ಟಿ ಬಿಗಿದುಕೊಂಡಿತ್ತು. ಬಿಡಿಸಲು ಹೋದರೆ ಹಿಂದಕ್ಕೆ ಬರುತ್ತಿಲ್ಲ. ಅವನಿಗೆ ಅಳುವೇ ಬಂತು.

ಅದನ್ನು ರಟ್ಟಿನ ಡಬ್ಬಿಗೆ ತುಂಬುವಾಗ ಮೂರ್ತಪ್ಪ ಅಡ್ಡ ನಿಂತ. "ಒಯ್ಯಬ್ಯಾಡ್ರಿ. ಇದು ಹೋದ್ರೆ ನೆಟ್‌ವರ್ಕೂ ಹೋಗ್ತೈತೆ."

"ಇದಕ್ಕೂ ನಿಮ್ ಮೊಬೈಲಿಗೂ ಯಾವ ಸಂಬಂಧಾನೂ ಇಲ್ಲ ಯಜಮಾನ್ರೇ" ಎಂದವನೇ ಮಾರುತೇಶ ಬಸ್‌ಸ್ಟ್ಯಾಂಡಿಗೆ ಓಡಿದ.

ಚಿತ್ರದುರ್ಗದಲ್ಲಿ ಡಬ್ಬಿ ತೆರೆದು, ಬೈಗುಳಕ್ಕೆ ಸಿದ್ಧನಾಗಿ ತಲೆ ತಗ್ಗಿಸಿ ನಿಂತ. ತಿಮ್ಮರಾಯಪ್ಪನವರು ಕನ್ನಡಕ ಸರಿಮಾಡಿಕೊಂಡು ಮಾಡೆಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಮುಚ್ಚಿದೆಯಲ್ರಿ ಮಾರುತೇಶ್. ಪುಸ್ತಕದಲ್ಲಿ ಇರೋ ಹಂಗೇ ಮುಚ್ಚಿದೆ."

ಮಾರುತೇಶನಿಗೆ ಕುಣಿಯುವಷ್ಟು ಖುಷಿಯಾಯಿತು. ದುರುಗಕ್ಕನ ಕಾಲಿಗೆ ಬೀಳಬೇಕು ಅನ್ನಿಸಿತು. ತಿಮ್ಮರಾಯಪ್ಪನವರು ಅರ್ಜಿ ಎಳೆದುಕೊಂಡು ಪೆನ್ನನ್ನು ಟಿಕ್ ಎನಿಸಿದರು.

"ಯಾವ ಮಣಿ ಎಳೆದ್ರಿ? ನಂಬರ್ ಹೇಳಿ, ಬರೆದು ಸಹಿ ಹಾಕ್ತೀನಿ. ಇಡೀ ಥೀಸಿಸ್ಸು ಅದರಲ್ಲೇ ಇರೋದು."

ಮಾರುತೇಶ ತಲೆ ಕೆರೆದುಕೊಂಡ. "ಅದು... ನಮ್ಮ ಸಹ ಸಂಶೋಧಕಿ ದುರುಗಕ್ಕ ಅಂತ, ಅವರಿಗೆ ಗೊತ್ತು ಸಾರ್. ಒಂದು ಫೋನ್ ಮಾಡ್ಲಾ?"

ತಿಮ್ಮರಾಯಪ್ಪನವರು ಮೇಜಿನ ಫೋನು ಮುಂದೆ ತಳ್ಳಿ, ತಾವೂ ಕೇಳಲೆಂದು ಸ್ಪೀಕರ್ ಒತ್ತಿದರು. ಮಾರುತೇಶ ಮೂರ್ತಪ್ಪನ ನಂಬರು ಒತ್ತಿದ. ಒಂದು ಹೆಣ್ಣುದನಿ ಬಹಳ ವಿನಯದಿಂದ ಹೇಳಿತು:

"ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ."

ತಿಮ್ಮರಾಯಪ್ಪನವರು ಪೆನ್ನನ್ನು ಮತ್ತೊಮ್ಮೆ ಟಿಕ್ ಎನಿಸಿ ಜೇಬಿಗೆ ಸಿಕ್ಕಿಸಿಕೊಂಡರು.